ಭಾವನ ಲಾಗರ್ ವ್ರತ

ಅಮೆರಿಕದಲ್ಲಿ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಲು ದಾರಿಯಾದದ್ದು 1978ರಲ್ಲಿ ಅಧ್ಯಕ್ಷ ಕಾರ್ಟರ್ ಹಾಕಿದ ಸಹಿಯಿಂದ. ಅದರ ಫಲ ಈಗ ಮಿನಿಯಾಪೊಲಿಸ್‌ನಲ್ಲಿರುವ ನಮ್ಮ ಭಾವನ ಗ್ಯಾರೇಜಿನಲ್ಲಿ ಬುಳುಬುಳು ಅನ್ನುತ್ತಿದೆ. ಮೊದಲ ಸಲವೇ ಲಾಗರ್ ಬಿಯರ್! ಏಲ್ ಬಿಯರ್ ಆಗಿದ್ದರೆ ಮನೆಯೊಳಗಿನ ಬಿಸುಪೇ ಸಾಕಿತ್ತು. ಲಾಗರ್ ಯೀಸ್ಟಿನ ಗತ್ತೇ ಬೇರೆ, ಅದಕ್ಕೆ 10–12 ಡಿಗ್ರಿಯ ತಂಪು ಬೇಕು. ಹಳೇ ಫ್ರಿಜ್ಜಿನಿಂದ ಉಪ್ಪಿನಕಾಯಿ ಜಾಡಿಗಳಿಗೆಲ್ಲ ಗೇಟ್‌ಪಾಸ್.

"ದೋಸೆ ಹಿಟ್ಟು ಹುದುಗೋಕೆ ಬೆಚ್ಚಗಿಡ್ತಾರೆ ಕಣೋ, ನೀನೇನು ಫ್ರಿಜ್ಜಲ್ಲಿಡ್ತೀಯ!" ಅವರಮ್ಮನ ತಕರಾರು.

ಮೊನ್ನೆ ರುಚಿ ನೋಡಿದರೆ ಘಮ್ಮೆನ್ನುವ ಬೆಣ್ಣೆ ವಾಸನೆ! ಡಯಾಸಿಟೈಲ್ ಅಂತೆ, ಒಂದೆರಡು ದಿನ ಕೊಂಚ ಬೆಚ್ಚಗಿಟ್ಟರೆ ಯೀಸ್ಟೇ ಅದನ್ನು ನುಂಗಿ ಹಾಕುತ್ತದೆ.

"ನಾನು ಹೇಳಲಿಲ್ವಾ?" ಅಂದರು ಅಮ್ಮ.

ಇನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ವಾರಗಟ್ಟಲೆ ಮಲಗಿಸಬೇಕಂತೆ. ಅಲ್ಲಿಯವರೆಗೆ ಭಾವ ಅಂಗಡಿಯ ಬಿಯರ್ ಕುಡಿದು ಕಾಯುತ್ತಿದ್ದಾರೆ.