ಟಕ್ ಎಂದರೆ ಬಿಡಬೇಕು

ನಮ್ಮ ವಂಶದ ಗಂಡಸರು ಮುಚ್ಚಿದ ಬಾಟಲಿಯನ್ನು ಇನ್ನೊಬ್ಬರು ತೆರೆದ ಚರಿತ್ರೆಯೇ ಇಲ್ಲ. ಅಜ್ಜ ಬಿರಡೆ ಹಾಕಿಟ್ಟ ಸೀಸೆಯೊಂದು ಈಗಲೂ ಅಟ್ಟದ ಮೇಲಿದೆ; ಒಳಗಿರುವುದು ಯಾವ ತೈಲ ಎಂಬ ಗುಟ್ಟು ಅವರ ಜೊತೆಗೇ ಹೋಯಿತು. ನಾನು ಮುಚ್ಚಿದ ಉಪ್ಪಿನಕಾಯಿ ಬಾಟಲಿಯನ್ನು ನನ್ನ ಹೆಂಡತಿ ಬಾಗಿಲ ಸಂದಿಗೆ ಸಿಕ್ಕಿಸಿ ತಿರುವುತ್ತಾಳೆ. ಇಂಥ ಪರಂಪರೆಯವನಿಗೆ ಪುನರ್ಪುಳಿ ಶರಬತ್ತಿನ ಬಾಟಲಿಗಳ ಮುಚ್ಚಳ ಹಾಕುವ ಹುದ್ದೆ ಸಿಕ್ಕಿತು. ಸಿಕ್ಕಿತು ಎನ್ನುವುದಕ್ಕಿಂತ ನಾನೇ ವಹಿಸಿಕೊಂಡೆ.

ಶರಬತ್ತು ಅವಳದು. ಏಪ್ರಿಲ್-ಮೇಯಲ್ಲಿ ಹಣ್ಣು ಒಡೆದು, ಬೀಜ ತೆಗೆದು, ಸಿಪ್ಪೆಗೆ ಸಕ್ಕರೆ ತುಂಬಿ, ಭರಣಿಯನ್ನು ಬಿಸಿಲಿಗಿಟ್ಟು, ಬಿಟ್ಟ ರಸವನ್ನು ಸೋಸಿ ತುಂಬುವವರೆಗೆ ನಾನು ಎಲ್ಲಿಯೂ ಕಾಣಿಸುವುದಿಲ್ಲ. ಕೊನೆಗೆ ಉಳಿಯುವುದು ಮುಚ್ಚಳ. ಅದಕ್ಕೂ ನಾನೊಂದು ಯಂತ್ರ ತರಿಸಿದೆ.

ಕೈಯಲ್ಲಿ ಹಿಡಿಯುವ ಕ್ಯಾಪಿಂಗ್ ಮಷಿನ್ ಡ್ರಿಲ್ಲಿನ ಜಾತಿಯದೇ. ಬಿಟ್ ಇರಬೇಕಾದ ಜಾಗದಲ್ಲಿ ಒಂದು ಬಟ್ಟಲು, ಬಟ್ಟಲೊಳಗೆ ಮುಚ್ಚಳವನ್ನು ಕಚ್ಚಿ ಹಿಡಿಯಲು ಸಿಲಿಕೋನ್ ಬಳೆ. 10ರಿಂದ 20 ಮಿ.ಮೀ.ಗೆ ಒಂದು ಬಳೆ, 20ರಿಂದ 30ಕ್ಕೆ ಇನ್ನೊಂದು, ಹೀಗೆ. ನಮ್ಮ ಮುಚ್ಚಳದ್ದು 28. ಗುಂಡಿ ಒತ್ತಿದರೆ ತಿರುಗುತ್ತದೆ, ಸಾಕಷ್ಟು ಬಿಗಿಯಾದೊಡನೆ ಒಳಗಿನ ಕ್ಲಚ್ ಜಾರಿ ‘ಟಕ್’ ಎನ್ನುತ್ತದೆ. ಅಲ್ಲಿಗೆ ಕೈ ತೆಗೆಯಬೇಕು. ಸಾಕು ಎಂದು ತಿಳಿಯುವ ಈ ಒಂದು ಬಿಡಿಭಾಗವನ್ನು ನಮ್ಮ ವಂಶಕ್ಕೆ ದೇವರು ಜೋಡಿಸಲಿಲ್ಲ. ನಾನು ಟಕ್ ಎಂದ ಮೇಲೂ ಒತ್ತಿಯೇ ಇದ್ದೆ. ಅದು ಟಕಟಕಟಕ ಎಂದು ಬೈಯುತ್ತಲೇ ಇತ್ತು. ಆಮೇಲೆ ಸಮಾಧಾನಕ್ಕೆಂದು ಕೈಯಿಂದ ಇನ್ನೊಂದು ತಿರುವು.

“ಹಾಗಾದ್ರೆ ಯಂತ್ರ ಯಾಕೆ ಮಾರಾಯ್ರೇ?” ಎಂದಳು ಹೆಂಡತಿ.

ಬಿಗಿಯನ್ನು ಹೆಚ್ಚುಕಡಿಮೆ ಮಾಡಲು ಯಂತ್ರದ ಕತ್ತಿನಲ್ಲಿ ತಿರುಗಿಸುವ ಪಟ್ಟಿಯಿದೆ. ಅದರ ಮೇಲೆ ಅಂಕಿಗಳಿವೆ, ಯಾವುದರ ಅಂಕಿ ಎಂದು ಮಾತ್ರ ಬರೆದಿಲ್ಲ. ಬಾಟಲಿ ಕಸುಬಿನವರಲ್ಲಿ ಒಂದು ಅಂದಾಜಿನ ಲೆಕ್ಕವಿದೆ: ಮುಚ್ಚಳದ ಅಗಲ ಎಷ್ಟು ಮಿ.ಮೀ.ಯೋ ಅದರ ಅರ್ಧದಷ್ಟು ಇಂಚು-ಪೌಂಡ್ ಬಿಗಿ. ನಮ್ಮ 28ಕ್ಕೆ 14. ಅಂದರೆ ಸುಮಾರು 16 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಗೆ ಒಂದು ಕೆ.ಜಿ. ಸಕ್ಕರೆ ಪೊಟ್ಟಣ ತೂಗುಹಾಕಿದಷ್ಟು. ಇದನ್ನು ಊಟದ ಹೊತ್ತಿಗೆ ಮನೆಯವರಿಗೆಲ್ಲ ವಿವರಿಸಿದೆ. “ಸಕ್ಕರೆ ಶರಬತ್ತಿಗೆ ಬೇಕು, ಮುಟ್ಟಬೇಡಿ” ಎಂಬ ಉತ್ತರ ಬಂತು.

ಲೆಕ್ಕಕ್ಕೆ ಸಿಗದ್ದು ಬಾಟಲಿ. ಹಿಡಿಯದಿದ್ದರೆ ಮುಚ್ಚಳದ ಜೊತೆ ತಾನೂ ಗಿರಗಿರ ತಿರುಗುತ್ತದೆ. ಗಟ್ಟಿಯಾಗಿ ಹಿಡಿದರೆ ಪೆಟ್ ಬಾಟಲಿಯ ಹೊಟ್ಟೆ ಒಳಗೆ ಹೋಗಿ, ಶರಬತ್ತು ಮೇಲೆದ್ದು ಬರುತ್ತದೆ. ಪುನರ್ಪುಳಿಯ ಬಣ್ಣ ಬಿಳಿ ಪಂಚೆಯ ಮೇಲೆ ಬಹಳ ಚೆನ್ನಾಗಿ ಕೂರುತ್ತದೆ, ಏಳುವುದಿಲ್ಲ. ಅಂಗಳಕ್ಕೆ ಬಂದ ನೆರೆಮನೆಯ ಅಕ್ಕ ನನ್ನನ್ನು ನೋಡಿ “ಅಯ್ಯೋ, ಎಲ್ಲಿ ಬಿದ್ದಿರಿ?” ಎಂದು ಗಾಬರಿಯಾದರು. ಬಿದ್ದದ್ದು ಮರ್ಯಾದೆ ಎನ್ನಲಾಗಲಿಲ್ಲ.

ಪಂಚೆ ಬದಲಿಸಿ ಬರುವಷ್ಟರಲ್ಲಿ ಯಂತ್ರ ಅವಳ ಕೈಗೆ ಹೋಗಿತ್ತು. ಮೊದಲು ಬಾಟಲಿಯ ಬಾಯಿ ಒರೆಸಿದಳು. ಸಕ್ಕರೆ ರಸ ಹಸಿಯಿದ್ದಾಗ ಜಾರಿಸುತ್ತದೆ, ಒಣಗಿದ ಮೇಲೆ ಅಂಟಾಗುತ್ತದೆ. ಮುಚ್ಚಳವನ್ನು ಕೈಯಿಂದಲೇ ನೇರವಾಗಿ ಒಂದು ಸುತ್ತು ಕೂರಿಸಿದಳು. ಬಾಟಲಿಯನ್ನು ಹೊಟ್ಟೆಯ ಬಳಿ ಹಿಡಿಯದೆ ಗಟ್ಟಿಯಾದ ಹೆಗಲಿನ ಬಳಿ ಹಿಡಿದಳು. ಪಟ್ಟಿಯನ್ನು ಕಡಿಮೆ ಅಂಕಿಯಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಏರಿಸುತ್ತ, ಪ್ರತಿ ಅಂಕಿಗೂ ಒಂದು ಬಾಟಲಿ ಮುಚ್ಚಿ, ರಾತ್ರಿಯಿಡೀ ಹಳೆಯ ಪೇಪರಿನ ಮೇಲೆ ಅಡ್ಡ ಮಲಗಿಸಿದಳು. ಮುಚ್ಚಳದ ಒಳಗಿನ ಮೆತ್ತೆ ಅದುಮಿ ಕೂತು, ಇವತ್ತಿನ ಬಿಗಿ ನಾಳೆಗೆ ಅಷ್ಟಿಷ್ಟು ಸಡಿಲವಾಗುತ್ತದೆ. ಪರೀಕ್ಷೆ ಮರುದಿನವೇ ಆಗಬೇಕು.

ಬೆಳಿಗ್ಗೆ ಪೇಪರಿನಲ್ಲಿ ಕೆಂಪು ಕಾಣದ ಬಾಟಲಿಗಳನ್ನಷ್ಟೇ ಆರಿಸಿ ಅಮ್ಮನ ಮುಂದಿಟ್ಟಳು. “ಅತ್ತೆ, ಇದನ್ನು ತೆರೀರಿ ನೋಡುವ.” ಕೈಬೆರಳ ಗಂಟುಗಳೆಲ್ಲ ನೋಯುವ ಅಮ್ಮ ಸೆರಗು ಹಿಡಿದು ತಿರುವಿದರು. ಸೋರದೆ, ಅಮ್ಮನ ಕೈಗೂ ಬಿಚ್ಚಿಕೊಂಡ ಬಾಟಲಿಯ ಅಂಕಿಯ ಮೇಲೆ ಉಗುರುಬಣ್ಣದ ಚುಕ್ಕೆ ಬಿತ್ತು. ಹದಿನಾಲ್ಕು ಇಂಚು-ಪೌಂಡನ್ನು ಮತ್ತೆ ಯಾರೂ ಕೇಳಲಿಲ್ಲ. ಅದೇ ಸಾಲಿನಲ್ಲಿ ನಾನು ಮುಚ್ಚಿದ ಒಂದು ಬಾಟಲಿಯೂ ಇತ್ತು. ಅಮ್ಮ ತಿರುವಿ, ನೋಡಿ, “ಇದು ನಿನ್ನಪ್ಪನ ಕೈ” ಎಂದು ಬದಿಗಿಟ್ಟರು.

ಈಗ ನನಗೆ ಲೇಬಲ್ ಅಂಟಿಸುವ ಕೆಲಸ ಕೊಟ್ಟಿದ್ದಾರೆ. ಲೇಬಲ್ ಅಂಟಿಸುವುದಕ್ಕೂ ಕೈಯಲ್ಲಿ ಹಿಡಿಯುವ ಒಂದು ಯಂತ್ರ ಸಿಗುತ್ತದೆ. ತರಿಸಿದ್ದೇನೆ, ದಾರಿಯಲ್ಲಿದೆ. ದಯವಿಟ್ಟು ನಮ್ಮ ಮನೆಗೆ ಶರಬತ್ತಿಗೆಂದು ಬರುವವರು ಈ ಸುದ್ದಿ ಬಾಯಿಬಿಡಬೇಡಿ.