ಬಾನೆಟ್ ರಾಯರು

ಹೆಂಡತಿ ಕಾಫಿಗೆ ಕರೆದರೆ ರಾಯರಿಗೆ ಕೇಳಿಸುವುದಿಲ್ಲ. ಪಕ್ಕದ ಮನೆಯ ಕುಕ್ಕರ್ ಕೂಗಿದರೂ ಅಷ್ಟೇ. ಆದರೆ ನಮ್ಮ ಕುವೆಂಪುನಗರದ ಅಡ್ಡರಸ್ತೆಯ ಆ ತುದಿಯಲ್ಲಿ ಯಾರದೋ ಕಾರಿನ ಬಾನೆಟ್ 'ಟಕ್' ಎಂದಿತೋ, ಪಂಚೆ ಎತ್ತಿ ಕಟ್ಟಿಕೊಂಡು ಗೇಟು ದಾಟಿರುತ್ತಾರೆ.

32 ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ತಿದ್ದಿದವರು. ಯಂತ್ರವಿದ್ಯೆ ಕಲಿಸಿದ್ದು ಅವರ ಪದ್ಮಿನಿ ಕಾರು. ಅದು ವಾರಕ್ಕೆರಡು ಸಲ ನಡುದಾರಿಯಲ್ಲಿ ನಿಂತು ಪಾಠ ಹೇಳುತ್ತಿತ್ತಂತೆ. ಚೋಕ್ ಎಳೆಯುವುದು, ಪಾಯಿಂಟ್ ಉಜ್ಜುವುದು, ರೋಗಿಯ ನಾಲಿಗೆ ನೋಡುವ ಹಾಗೆ ಪ್ಲಗ್ ಬಿಚ್ಚಿ ನೋಡುವುದು. ಇವತ್ತಿಗೂ ಹೊಗೆ ಕಂಡರೆ ರಾಯರು ನಿಂತುಬಿಡುತ್ತಾರೆ. ನೀಲಿಯಾದರೆ ಆಯಿಲ್ ಉರೀತಿದೆ, ಕಪ್ಪಾದರೆ ಪೆಟ್ರೋಲು ಹೆಚ್ಚಾಗಿದೆ, ಎಂಜಿನ್ ಕಾದ ಮೇಲೂ ದಟ್ಟ ಬಿಳಿಹೊಗೆ ಬರ್ತಿದ್ದರೆ ಕೂಲೆಂಟ್ ಒಳಗೆ ನುಗ್ಗಿದೆ, ಹೆಡ್ ಗ್ಯಾಸ್ಕೆಟ್ ಹೋಯ್ತು. 'ಹೋಯ್ತು' ಎನ್ನುವಾಗ ಅವರ ದನಿಯಲ್ಲಿ ಒಂದು ಬಗೆಯ ತೃಪ್ತಿ ಇರುತ್ತದೆ.

ಸುಳ್ಳು ಹೇಳಬಾರದು, ಎಷ್ಟೋ ಸಲ ಅವರು ಹೇಳಿದ್ದು ಸರಿಯಾಗಿಯೇ ಇರುತ್ತದೆ. ಕಾರಿನಡಿ ನೀರು ತೊಟ್ಟಿಕ್ಕುತ್ತಿದೆ ಎಂದು ಎದುರುಮನೆಯವರು ಗಾಬರಿಯಾದಾಗ, ಬೆರಳಲ್ಲಿ ಮುಟ್ಟಿ, ಮೂಸಿ, "ಏಸಿ ನೀರು. ಕೂಲೆಂಟ್ ಆಗಿದ್ರೆ ಬಣ್ಣ ಇರೋದು, ಜಿಡ್ಡಿರೋದು" ಎಂದು ತೀರ್ಪು ಕೊಟ್ಟರು. ಗಿಂಡಿಯಾಕಾರದ ಕೆಂಪು ದೀಪ ಉರಿಯುತ್ತಿದ್ದರೂ ನಂಜನಗೂಡಿಗೆ ಹೊರಟಿದ್ದ ಸಾಫ್ಟ್‌ವೇರ್ ಹುಡುಗನ ಕೈಯಿಂದ ಕೀಲಿ ಕಿತ್ತುಕೊಂಡವರೂ ಅವರೇ. "ಆಯಿಲ್ ಒತ್ತಡ ಬಿದ್ದುಹೋಗಿದೆಯಪ್ಪ. ನೀನು ನಂಜನಗೂಡು ಮುಟ್ಟೋಕೆ ಮುಂಚೆ ಎಂಜಿನ್ ಕೈಲಾಸ ಮುಟ್ಟತ್ತೆ!"

ತೊಂದರೆ ಏನೆಂದರೆ, ಅವರಿಗೆ ಬೇಕಾದದ್ದು ರೋಗ, ಗುಣವಾಗುವುದಲ್ಲ. ಮೆಕ್ಯಾನಿಕ್ ಬಂದು ಹತ್ತು ನಿಮಿಷದಲ್ಲಿ ಸರಿಮಾಡಿ ಹೋದನೆಂದರೆ, ಪಾಯಸಕ್ಕೆ ಮುಂಚೆ ಎಲೆ ಎತ್ತಿಸಿಕೊಂಡವರ ಮುಖ ಮಾಡಿಕೊಂಡು ಮನೆಗೆ ಹೋಗುತ್ತಾರೆ.

ಹೋದ ವರ್ಷ ಹೆಬ್ಬೆರಳುದ್ದದ ಒಂದು ಸ್ಕ್ಯಾನರ್ ತರಿಸಿಕೊಂಡರು. ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್ಟಿಗೆ ಚುಚ್ಚಿದರೆ ಮೊಬೈಲಿನಲ್ಲಿ ಕೋಡ್ ಬರುತ್ತದೆ. ಸಹಸ್ರನಾಮದಂತೆ ಎಲ್ಲ ಬಾಯಿಪಾಠ: ಪಿ0300 ಮಿಸ್‌ಫೈರ್, ಪಿ0171 ಗಾಳಿ ಹೆಚ್ಚು ಪೆಟ್ರೋಲ್ ಕಡಿಮೆ, ಪಿ0420 ಕ್ಯಾಟಲಿಟಿಕ್ ಕನ್ವರ್ಟರ್ ಸೋತಿದೆ. ಕೋಡು ಹೇಳುವುದು ಎಲ್ಲಿ ನೋಯುತ್ತಿದೆ ಎಂದು ಮಾತ್ರ, ಯಾಕೆ ಎಂದಲ್ಲ. ರಾಯರಿಗೆ ಅದೇ ಹಬ್ಬ. ಒಂದು ಕೋಡಿಗೆ ಹನ್ನೆರಡು ಕಾರಣ ಕೊಡುತ್ತಾರೆ.

ಕಳೆದ ಭಾನುವಾರ ನನ್ನ ಕಾರಿನಲ್ಲೂ ಹಳದಿ ಎಂಜಿನ್ ದೀಪ ಹೊತ್ತಿತು. ಕೆಂಪಾದರೆ ನಿಲ್ಲಿಸು, ಹಳದಿಯಾದರೆ ಬೇಗ ತೋರಿಸು ಎಂಬಷ್ಟು ನನಗೂ ಗೊತ್ತು. ಬಾನೆಟ್ ಎತ್ತಿಟ್ಟು, ಗ್ಲೋವ್ ಬಾಕ್ಸಿನಿಂದ ಮ್ಯಾನ್ಯುಯಲ್ ತೆಗೆಯುವಷ್ಟರಲ್ಲಿ ರಾಯರು ಹಾಜರು.

"ಅದನ್ನ ಒಳಗಿಡಿ ಸ್ವಾಮಿ. ಅದು ಕಾರು ಓಡಿಸೋರಿಗೆ, ನಮಗಲ್ಲ."

ಒಂದು ಕಾಲು ಕಾರಿನೊಳಗೆ, ಇನ್ನೊಂದು ರಸ್ತೆಯ ಮೇಲೆ ಇಟ್ಟು ಕೂತು, ಸ್ಕ್ಯಾನರ್ ಚುಚ್ಚಿ, ಕೀಲಿ ತಿರುಗಿಸಿದರು. ದೀಪಗಳೆಲ್ಲ ಬೆಳಗಿದವು. ಎಂಜಿನ್ ಪಿಟ್ಟೆನ್ನಲಿಲ್ಲ. ರಾಯರ ಮುಖ ಅರಳಿತು.

"ಕೇಳಿಸ್ಕೊಂಡ್ರಾ? ಟಿಕ್ ಟಿಕ್ ಅಂದಿದ್ರೆ ಬ್ಯಾಟರಿ. ಇದು ಸುಮ್ನಿದೆ. ಇದರ ಕಥೆಯೇ ಬೇರೆ."

ಆದರೂ ಬ್ಯಾಟರಿಗೆ ಮೀಟರ್ ಹಿಡಿದರು. 12.6 ವೋಲ್ಟ್, ಗಟ್ಟಿಮುಟ್ಟಾಗಿತ್ತು. ಟರ್ಮಿನಲ್ ಮೇಲೆ ಬೂಷ್ಟಿನಂಥ ಬಿಳಿಪುಡಿ ಕಂಡಿತು. ಬಿಸಿನೀರಿಗೆ ಅಡುಗೆಸೋಡ ಕದಡಿ ತರಲು ಅಪ್ಪಣೆಯಾಯಿತು. ಸಂಜೆಯ ಬೋಂಡಾಕ್ಕೆಂದು ಇಟ್ಟಿದ್ದ ಸೋಡ ಹಾಗೆ ಮುಗಿಯಿತು. ಆಮೇಲೆ ಫ್ಯೂಸು, ರಿಲೇ. ಆಮೇಲೆ ಇಲಿ. ವೈರು ಕಡಿದಿರಲಿಲ್ಲ, ಆದರೆ ಹಿಕ್ಕೆ ಸಿಕ್ಕಿತು. ಅದನ್ನು ಕಾಗದದ ಮೇಲಿಟ್ಟು ನೆರೆದ ನಾಲ್ವರಿಗೂ ಸಾಕ್ಷಿಯಂತೆ ತೋರಿಸಿದರು. ನಾನು ಟಾರ್ಚ್ ಹಿಡಿದಿದ್ದೆ. ಟಾರ್ಚ್ ಹಿಡಿದವನಿಗೆ ಯೋಚಿಸುವ ಅಧಿಕಾರ ಇರುವುದಿಲ್ಲ.

ಒಂದೂವರೆ ಗಂಟೆಯಾಗಿತ್ತು. ಹೋದ ವಾರವಷ್ಟೇ ಡ್ರೈವಿಂಗ್ ಕ್ಲಾಸಿಗೆ ಸೇರಿದ್ದ ಮಗಳು ಹೊರಗೆ ಬಂದಳು.

"ತಾತ, ಕ್ಲಚ್ ಒತ್ತಿದ್ರಾ? ಈ ಕಾರು ಕ್ಲಚ್ ಒತ್ತದೆ ಸ್ಟಾರ್ಟೇ ಆಗಲ್ಲ."

ಒತ್ತಿದರು. ಕಾರು ತಕ್ಷಣ ಸ್ಟಾರ್ಟ್ ಆಯಿತು. ರಸ್ತೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಸ್ಟಾರ್ಟರ್ ಸರ್ಕ್ಯೂಟಿನಲ್ಲೇ ಎಲ್ಲೋ ಕಟ್ ಆಗಿದೆ ಅಂತ ನಾನು ಆಗಲೇ ಅಂದೆ" ಎಂದರು ರಾಯರು. ಸ್ವಲ್ಪ ಹೊತ್ತು ಬಿಟ್ಟು, "ಇಂಥದ್ದನ್ನೆಲ್ಲ ಮ್ಯಾನ್ಯುಯಲ್‌ನಲ್ಲಿ ಬರೀಬೇಕಪ್ಪ ಇವರು."

ಪಂಚೆ ಇಳಿಬಿಟ್ಟು ಹೊರಟವರ ಕಣ್ಣಿಗೆ ಡ್ಯಾಶ್‌ಬೋರ್ಡಿನ ಹಳದಿ ದೀಪ ಬಿತ್ತು. ಅದು ಉರಿಯುತ್ತಲೇ ಇತ್ತು. ಹೋಗಿದ್ದ ಜೀವ ಮರಳಿ ಬಂತು.

"ನಾಳೆ ಬೆಳಿಗ್ಗೆ 7ಕ್ಕೆ ಬರ್ತೀನಿ. ಅಷ್ಟರೊಳಗೆ ಸರ್ವಿಸ್ ಸೆಂಟರಿಗೆ ಮಾತ್ರ ತಗೊಂಡು ಹೋಗಬೇಡಿ ಸ್ವಾಮಿ, ಸರಿ ಮಾಡಿಬಿಡ್ತಾರೆ."