ಸಮಗೋಲರಸ ಮೀಮಾಂಸೆ (ಮಂಡ್ಯ, ಮದ್ದೂರು, ಮಳವಳ್ಳಿ ಪಾಠಾಂತರ ಸಹಿತ)

ಪೀಠಿಕೆ: ಭರತಮುನಿ ಎಂಟು ರಸಗಳನ್ನು ಹೇಳಿದ. ಆಮೇಲಿನವರು ಶಾಂತವನ್ನು ಸೇರಿಸಿ ಒಂಬತ್ತು ಮಾಡಿದರು. ಗೆಲ್ಲುತ್ತಿದ್ದ ಪಂದ್ಯದ ಕೊನೇ ಗಳಿಗೆಯಲ್ಲಿ ಗೋಲು ತಿಂದ ತಂಡದ ಅಭಿಮಾನಿಗೆ ಯಾವ ರಸವೆಂದು ಯಾರೂ ಹೇಳಲಿಲ್ಲ. ಅವರ ಕಾಲಕ್ಕೆ ಐ-ಲೀಗ್ ಫುಟ್‌ಬಾಲ್ ಇರಲಿಲ್ಲವಾದ್ದರಿಂದ ಈ ಲೋಪ ಕ್ಷಮ್ಯ. ಹತ್ತನೆಯದಾದ ಸಮಗೋಲರಸವನ್ನು ಇಲ್ಲಿ ಸ್ಥಾಪಿಸಲಾಗುವುದು.

ಉದಾಹರಣೆ: 2015ರ ಮೇ 31, ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಲೀಗಿನ ಕೊನೇ ಪಂದ್ಯ. ಹಾಲಿ ಚಾಂಪಿಯನ್ ಬೆಂಗಳೂರು ಎಫ್‌ಸಿಗೆ ಗೆಲುವೇ ಬೇಕು. ಮೋಹನ್ ಬಾಗಾನ್‌ಗೆ ಡ್ರಾ ಸಾಕು. 41ನೇ ನಿಮಿಷದಲ್ಲಿ ಬೆಂಗಳೂರಿನ ಜಾನ್ ಜಾನ್ಸನ್ ಗೋಲು ಹೊಡೆದರು. 87ರಲ್ಲಿ ಬಾಗಾನ್‌ಗೆ ಕಾರ್ನರ್ ಬಂತು, ಬೆಲ್ಲೋ ರಜಾಕ್ ತಲೆ ಕೊಟ್ಟರು, 1–1. 39 ಅಂಕದ ಬಾಗಾನ್‌ಗೆ ಕಪ್ಪು. 37 ಅಂಕದ ನಮಗೆ ಭಾವಶಬಲತೆ.

ಲಕ್ಷಣ: ಚೆಂಡು ಆಲಂಬನ ವಿಭಾವ, ಕಾರ್ನರ್ ಬಾವುಟ ಉದ್ದೀಪನ. ತಲೆಯ ಮೇಲೆ ಎರಡೂ ಕೈ ಹೊರುವುದು ಅನುಭಾವ. ಸಂಚಾರಿ ಭಾವಗಳಲ್ಲಿ ಶಂಕೆ (ಆಫ್‌ಸೈಡ್ ಇದ್ದೀತೇ?), ಸ್ಮೃತಿ (ನೇರ ಕಾರ್ನರಿಗೆ ಆಫ್‌ಸೈಡ್ ಇಲ್ಲ), ಅಸೂಯೆ (ಅವರು ಕುಣಿಯುತ್ತಿದ್ದಾರೆ), ಚಿಂತೆ (ಊರಿಗೆ ರೈಲು ಸಿಕ್ಕೀತೇ?) ಮುಖ್ಯವಾದವು. "ಸೋತಿಲ್ಲವಲ್ಲ" ಎಂಬ ಸಮಾಧಾನವೇ ಸ್ಥಾಯಿ. ಸಿಟ್ಟು ಬರುವುದೂ ಅದರ ಮೇಲೆಯೇ.

ಪ್ರಾಂತಭೇದ: ರೈಲು ಬಂದೇಬಿಟ್ಟಿತೆಂಬ ಗಾಬರಿಯಲ್ಲಿ ಹಿಟ್ಟು ತಟ್ಟಿ ಕರಿದದ್ದರಿಂದ 1917ರಲ್ಲಿ ವಡೆ ಹುಟ್ಟಿತೆಂಬ ಪ್ರತೀತಿ ಇರುವ ಊರು ಮದ್ದೂರು. ಕೊನೇ ಗಳಿಗೆಯ ಮೇಲೆ ಅವರಿಗೆ ಹಗೆಯಿಲ್ಲ. "ಬುಡ್ಲಾ ಅತ್ಲಾಗಿ" ಅವರ ಸೂತ್ರ. ಮಂಡ್ಯ ಪಂಥ ತರ್ಕಪ್ರಧಾನ: "ಕಾರ್ನರ್ ಯಾಕ್ಲಾ ಕೊಟ್ರು?" ಎಂಬಲ್ಲಿಂದ ಶುರುವಾದ ವಾದ ಸ್ಟೇಷನ್ ದಾಟಿದರೂ ಮುಗಿಯದು. ಮಳವಳ್ಳಿಗೆ ರೈಲೇ ಇಲ್ಲ. ಮದ್ದೂರಲ್ಲಿಳಿದು ಬಸ್ಸು ಕಾಯಬೇಕು, ಕಾದಷ್ಟೂ ಶೋಕ ಬಲಿಯುತ್ತದೆ: "ಇನ್ನ ಮೂರೇ ನಿಮ್ಸ ಇತ್ತಲ್ಲಪ್ಪೋ!"

ಪೂರ್ವಪಕ್ಷ: ಡ್ರಾ ಎಂದರೆ ಇಬ್ಬರಿಗೂ ಒಂದೊಂದು ಅಂಕ, ಮತ್ತೆ ಅಳು ಯಾಕೆ?

ಸಿದ್ಧಾಂತ: ಅಂಕ ಸಮವಾದರೂ ರಸ ಸಮವಲ್ಲ. ಬಾಗಾನ್ ಮೊದಲು ಹೊಡೆದು, ನಾವು 87ರಲ್ಲಿ ಸರಿಗಟ್ಟಿದ್ದರೂ ಅದೇ 1–1. ಕಪ್ಪು ಆಗಲೂ ಕೈತಪ್ಪುತ್ತಿತ್ತು, ಆದರೆ ನಾವು ಎದೆಯುಬ್ಬಿಸಿ ಊರಿಗೆ ಬರುತ್ತಿದ್ದೆವು. ಆದ್ದರಿಂದ ಗೋಲುಗಳ ಸರದಿಯೇ ರಸದ ಬೀಜ. ನಲವತ್ತಾರು ನಿಮಿಷ ಮನಸ್ಸಿನಲ್ಲೇ ಕಪ್ಪನ್ನು ಮನೆಗೆ ತಂದಿಟ್ಟುಕೊಂಡವನಿಂದ ಅದನ್ನು ಜಫ್ತಿ ಮಾಡಲಾಯಿತು.

ಮರುಕಳಿಕೆ: ಮರುವರ್ಷ ಲೀಗ್ ಗೆದ್ದೆವು, ರೋಗ ವಾಸಿಯಾಯಿತೆಂದುಕೊಂಡೆವು. 2023ರ ಮಾರ್ಚ್ 18ರಂದು ಗೋವಾದ ಫತೋರ್ಡಾದಲ್ಲಿ ಐಎಸ್‌ಎಲ್ ಫೈನಲ್. 78ರಲ್ಲಿ ನಮ್ಮ ರಾಯ್ ಕೃಷ್ಣ 2–1 ಮಾಡಿದರು. 85ರಲ್ಲಿ ಪೆಟ್ರಾಟೋಸ್ ಪೆನಾಲ್ಟಿಯಿಂದ ಸರಿಗಟ್ಟಿದರು. ಶೂಟೌಟಿನಲ್ಲಿ 4–3ರ ಸೋಲು. ಎದುರಾಳಿ ಎಟಿಕೆ ಮೋಹನ್ ಬಾಗಾನ್. ಇದನ್ನು ಶಾಸ್ತ್ರದಲ್ಲಿ ಪುನರುಕ್ತಿ ದೋಷ ಎನ್ನುತ್ತಾರೆ.

ಫಲಶ್ರುತಿ: ಇದನ್ನು ಶ್ರದ್ಧೆಯಿಂದ ಓದಿದವನು ರೆಫರಿ ಕೊನೇ ಸೀಟಿ ಊದುವ ಮೊದಲು ಊರಿಗೆ ಫೋನ್ ಮಾಡಿ "ಗೆದ್ವಿ ಕಣ್ಲಾ" ಎನ್ನನು. ಓದದವನಿಗೂ ಸಿಗುವುದು ಒಂದೇ ಅಂಕ.